ಕೆರೆಯ ಮೀನಿಗೆ ಹುಣ್ಣು: ತಪ್ಪು ರೋಗಾಣುವಿನದೋ, ನೀರಿನದೋ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮೇಲ್ಗಡೆ ಊರಿನ ಕೆರೆ ಇದೆ. ಅದರ ಕೋಡಿ ನೀರು ತೋಟದ ಪಕ್ಕದ ಹಳ್ಳಕ್ಕೆ ಬೀಳುತ್ತದೆ. ದೀಪಾವಳಿ ಮುಗಿದು ಚಳಿ ಹಿಡಿದ ಮೇಲೆ ಮೊದಲು ಕೆರೆಯಲ್ಲಿ, ವಾರ ಕಳೆದು ಹಳ್ಳದಲ್ಲೂ ಮೈಮೇಲೆ ಕೆಂಪು ಹುಣ್ಣಾದ ಮೀನುಗಳು ಕಾಣಿಸಿಕೊಂಡವು. ಮೂರು ವಾರಗಳಿಂದ ದಿನವೂ ಐದಾರು ಮೀನು ಸತ್ತು ತೇಲುತ್ತಿವೆ. ಮುರ್ರೆಲ್, ಹಾವುಮೀನು, ಚಿಕ್ಕ ಚಿಕ್ಕ ಗೆಂಡೆಗಳಿಗೇ ಹೆಚ್ಚು. ಜಿಲೇಬಿ ಮೀನಿಗೆ ಏನೂ ಆಗಿಲ್ಲ. ಯಾರೋ ವಿಷ ಹಾಕಿದ್ದಾರೆ ಎಂದು ಕೆಲವರು, ತೋಟಕ್ಕೆ ಹೊಡೆದ ಔಷಧಿ ಇಳಿದಿದೆ ಎಂದು ಕೆಲವರು ಹೇಳುತ್ತಾರೆ. ಇದು ಯಾವ ರೋಗ? ಕೆರೆಗೆ ಏನಾದರೂ ಹಾಕಬಹುದೇ? ಈ ಮೀನನ್ನು ತಿನ್ನಬಹುದೇ? ಸಾಕಿದ ಮೀನಾದರೆ ಮತ್ತೆ ಮರಿ ತಂದು ಬಿಡಬಹುದು. ಹಳ್ಳದ ಮೀನಿನ ಸಂತತಿಯೇ ಅಳಿದುಹೋದರೆ ಏನು ಗತಿ?

ಉತ್ತರ: ಮೊದಲು ವಿಷದ ಮಾತನ್ನು ಬಗೆಹರಿಸೋಣ, ಏಕೆಂದರೆ ಅದರಿಂದ ಊರಿನಲ್ಲಿ ಮನಸ್ಸುಗಳು ಕೆಡುತ್ತವೆ. ವಿಷ ಬಿದ್ದ ಕೆರೆಯಲ್ಲಿ ಸಾವು ಮೂರು ವಾರ ಕಾಯುವುದಿಲ್ಲ. ಕೀಟನಾಶಕ ಇಳಿದಿದ್ದರೆ ಸಿಗಡಿ, ನೀರುಹುಳು, ಕಪ್ಪೆಮರಿ, ಪುಟ್ಟ ಮೀನು ಎಲ್ಲವೂ ಒಂದೆರಡು ದಿನದಲ್ಲಿ ಸಾಯುತ್ತವೆ. ಯಾವ ಜಾತಿಯದೆಂದು ವಿಷ ನೋಡುವುದಿಲ್ಲ. ಆಮ್ಲಜನಕ ಕಡಿಮೆಯಾಗಿ ಸತ್ತರೆ ಅದರ ಚಹರೆಯೇ ಬೇರೆ. ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತವೆ, ಸೂರ್ಯ ಏರುವ ಹೊತ್ತಿಗೆ ದಡದುದ್ದಕ್ಕೂ ಬೆಳ್ಳಗೆ ಹಾಸಿದಂತೆ ಬಿದ್ದಿರುತ್ತವೆ, ದೊಡ್ಡವು ಮೊದಲು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಅಂಥದ್ದು. ಒಳಚರಂಡಿ ನೀರು ಸೇರಿದ ಕೆರೆಗೆ ಬೇಸಿಗೆ ಬಂದಾಗ ಆಗುವ ಅನಾಹುತ ಅದು. ನೀವು ಹೇಳುತ್ತಿರುವುದು ನಿಧಾನದ ಸಾವು, ಕೆಲವೇ ಜಾತಿಗಳ ಸಾವು, ಚಳಿ ಹಿಡಿದ ಮೇಲೆ ಶುರುವಾದ ಸಾವು, ಮೈಮೇಲೆ ಹುಣ್ಣು ಮೂಡಿಸಿದ ಸಾವು. ಮುರ್ರೆಲ್‌ಗೆ ಬಂದು ಜಿಲೇಬಿಗೆ ಬಾರದೆ ಇರುವುದನ್ನೂ ಸೇರಿಸಿಕೊಂಡರೆ, ನನ್ನ ಅಂದಾಜು ಇಯುಎಸ್ ಎಂಬ ಹುಣ್ಣು ರೋಗದ ಕಡೆಗೇ ವಾಲುತ್ತದೆ. ಪೂರ್ತಿ ಹೆಸರು ಎಪಿಝೂಟಿಕ್ ಅಲ್ಸರೇಟಿವ್ ಸಿಂಡ್ರೋಮ್. ಖಚಿತವಾಗಿ ಹೇಳಲು ಪ್ರಯೋಗಾಲಯದ ಪರೀಕ್ಷೆ ಬೇಕು. ಅದನ್ನು ಹೇಗೆ ಮಾಡಿಸುವುದೆಂದು ಕೊನೆಯಲ್ಲಿ ಬರೆಯುತ್ತೇನೆ.

ನೀವು ಅಡಿಕೆ ಬೆಳೆಯುವವರಾದ್ದರಿಂದ ಈ ರೋಗವನ್ನು ವಿವರಿಸುವುದು ನನಗೆ ಸುಲಭ. ಮಳೆಗಾಲದಲ್ಲಿ ಅಡಿಕೆಗೊನೆಗೆ ಬರುವ ಕೊಳೆ ರೋಗ ನಿಮಗೆ ಗೊತ್ತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿ 1910ರಲ್ಲೇ ವರದಿ ಪ್ರಕಟಿಸಿದ್ದರು. ಆ ರೋಗ ತರುವ ಫೈಟೊಫ್ತೊರಾ ನೋಡಲು ಬೂಸ್ಟಿನಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಅದು ಊಮೈಸೀಟ್ ಎಂಬ ಗುಂಪಿನದು, ಅಣಬೆಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರದ ನೆಂಟ. ನಿಮ್ಮ ಮೀನಿಗೆ ಹುಣ್ಣು ತರುವ ಅಫನೊಮೈಸಿಸ್ ಇನ್ವಡಾನ್ಸ್ ಕೂಡ ಅದೇ ಗುಂಪಿನದು. ಎರಡೂ ಹರಡುವುದು ನೀರಿನಲ್ಲಿ ಈಜುವ ಬೀಜಕಗಳಿಂದ. ಎರಡು ಕೂದಲಿನಂಥ ಬಾಲಗಳಿರುವ ಈ ಬೀಜಕ ನೀರಿನಲ್ಲಿ ಈಜಿ ಮೀನಿನ ಮೈಗೆ ಅಂಟಿಕೊಳ್ಳುತ್ತದೆ, ಬಾಲ ಕಳಚಿ ಗಂಟಾಗುತ್ತದೆ, ಆಮೇಲೆ ಅದರಿಂದ ಎಳೆ ಮೊಳೆತು ಚರ್ಮದೊಳಗೆ ಇಳಿಯುತ್ತದೆ. ಮೀನು ಸಿಗದಿದ್ದರೆ ಗಂಟು ಕಟ್ಟಿ ಕಾಯುತ್ತದೆ, ಮತ್ತೆ ಬಾಲ ಮೂಡಿಸಿಕೊಂಡು ಇನ್ನೊಮ್ಮೆ ಹುಡುಕಲು ಹೊರಡುತ್ತದೆ. ಚರ್ಮದ ಮೇಲೇ ನಿಲ್ಲುವ ಬೂಸ್ಟು ಇದಲ್ಲ. ಎಳೆ ಸ್ನಾಯುವಿನೊಳಗೆ ಆಳಕ್ಕೆ ನುಗ್ಗುತ್ತದೆ, ಕೆಲವೊಮ್ಮೆ ಬೆನ್ನುಮೂಳೆಯನ್ನೂ ಒಳಗಿನ ಅಂಗಗಳನ್ನೂ ಮುಟ್ಟುತ್ತದೆ.

ಒಂದು ಮೀನನ್ನು ಹತ್ತಿರದಿಂದ ನೋಡಿದರೆ ರೋಗದ ನಡೆ ಅರ್ಥವಾಗುತ್ತದೆ. ಮೊದಲು ಹುರುಪೆಗಳ ನಡುವೆ ಸೂಜಿ ಚುಚ್ಚಿದಷ್ಟು ಕೆಂಪು ಚುಕ್ಕೆ. ಬರಬರುತ್ತ ಅದು ನಾಣ್ಯದಷ್ಟು ಅಗಲವಾಗುತ್ತದೆ, ಅಲ್ಲಿನ ಹುರುಪೆಗಳು ಎದ್ದು ಉದುರುತ್ತವೆ. ಆಮೇಲೆ ಚರ್ಮ ಹರಿದು ಒಳಗಿನ ಸ್ನಾಯು ಬೂದು ಬಣ್ಣಕ್ಕೆ ತಿರುಗಿ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಮುರ್ರೆಲ್ ಗಟ್ಟಿ ಜೀವದ ಮೀನು. ಗಾಳಿಯನ್ನೂ ಉಸಿರಾಡಬಲ್ಲ ಅದು ತಲೆಯ ಮೇಲೆ ಕುಳಿ ಬಿದ್ದು ಎಲುಬು ಕಂಡರೂ ವಾರಗಟ್ಟಲೆ ಈಜುತ್ತಿರುತ್ತದೆ. ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಸ್ನಾಯು ತೆಗೆದು ಎರಡು ಗಾಜಿನ ನಡುವೆ ಒತ್ತಿ ಸೂಕ್ಷ್ಮದರ್ಶಕದಲ್ಲಿಟ್ಟರೆ, ಅಡ್ಡಗೋಡೆಗಳಿಲ್ಲದ ದಪ್ಪ ಎಳೆಗಳು ಕವಲೊಡೆದು ಸಾಗಿರುವುದು ಕಾಣುತ್ತದೆ. ಪ್ರತಿ ಎಳೆಯ ಸುತ್ತಲೂ ಮೀನಿನ ರಕ್ಷಣಾ ಕೋಶಗಳು ಈರುಳ್ಳಿಯ ಪದರಗಳಂತೆ ಸುತ್ತಿಕೊಂಡು ಅದನ್ನು ಬಂಧಿಸಲು ಹೆಣಗಿರುತ್ತವೆ. ನಾನು ಮೊದಲ ಸಲ ಅದನ್ನು ಕಂಡಾಗ ಎಷ್ಟೋ ಹೊತ್ತು ಕಣ್ಣು ತೆಗೆಯಲಾಗಲಿಲ್ಲ. ಸತ್ತುಬಿದ್ದ ಮೀನನ್ನು ನೋಡಿ ನಾವು ಸೋಲು ಎನ್ನುತ್ತೇವೆ, ಆದರೆ ಅದರ ಮೈಯೊಳಗೆ ಒಂದೊಂದು ಎಳೆಗೂ ಒಂದೊಂದು ಕೋಟೆ ಕಟ್ಟಿದ ಹೋರಾಟ ನಡೆದಿರುತ್ತದೆ.

ಅಂಚಿನಿಂದಲೇ ಏಕೆ ತೆಗೆಯಬೇಕು? ನಡುವಿನ ತೆರೆದ ಹುಣ್ಣಿನಲ್ಲಿ ನೀರಿನ ಬ್ಯಾಕ್ಟೀರಿಯಾಗಳು, ಬೇರೆ ಬೂಸ್ಟುಗಳು ಬಂದು ಸೇರಿರುತ್ತವೆ. ಇವು ವಿಜ್ಞಾನಿಗಳನ್ನು ವರ್ಷಗಟ್ಟಲೆ ದಾರಿ ತಪ್ಪಿಸಿದವು. ಒಬ್ಬರು ಏರೊಮೊನಾಸ್ ಬ್ಯಾಕ್ಟೀರಿಯಾ ಎಂದರು, ಇನ್ನೊಬ್ಬರಿಗೆ ವೈರಸ್ ಸಿಕ್ಕಿತು. ಹೆಸರಿನಲ್ಲಿ ‘ಸಿಂಡ್ರೋಮ್’ ಉಳಿದುಕೊಂಡಿರುವುದೇ ಆ ಗೊಂದಲದ ಕುರುಹು. 1990ರ ದಶಕದ ನಡುವಿನ ಹೊತ್ತಿಗೆ ಅಫನೊಮೈಸಿಸ್ ಇಲ್ಲದೆ ಈ ರೋಗವಿಲ್ಲ ಎಂಬುದು ಗಟ್ಟಿಯಾಯಿತು.

ರೋಗ ನಡೆದುಬಂದ ದಾರಿಯೂ ಉದ್ದ. 1971ರಲ್ಲಿ ಜಪಾನಿನ ಸಾಕಣೆಯ ಅಯು ಮೀನಿನಲ್ಲಿ ಇದನ್ನು ಮೊದಲು ಗುರುತಿಸಿದರು. ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನದಿಮುಖಗಳಲ್ಲಿ ಕಂಡಾಗ ಅಲ್ಲಿನವರು ಕೆಂಪು ಚುಕ್ಕೆ ರೋಗ ಎಂದರು. 1980ರ ದಶಕದಲ್ಲಿ ಇಂಡೋನೇಷ್ಯಾ, ಥಾಯ್ಲೆಂಡ್, ಕಾಂಬೋಡಿಯಾ ದಾಟಿ 1988ರಲ್ಲಿ ಬಾಂಗ್ಲಾದೇಶಕ್ಕೂ ನಮ್ಮ ಅಸ್ಸಾಂ, ತ್ರಿಪುರಾ, ಮೇಘಾಲಯ, ಪಶ್ಚಿಮ ಬಂಗಾಳಗಳಿಗೂ ಬಂತು. 1991ರಲ್ಲಿ ಕೇರಳದ ಕುಟ್ಟನಾಡನ್ನು ಹಿಡಿಯಿತು. ಕರ್ನಾಟಕದ ಸಿಹಿನೀರು ಮತ್ತು ಹಿನ್ನೀರಿನ ಮೀನುಗಳಲ್ಲಿ ಅದು ಹರಡಿದ ಬಗೆಯನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು 1990ರ ದಶಕದಲ್ಲಿ ದಾಖಲಿಸಿದರು. 2006–07ರಲ್ಲಿ ಆಫ್ರಿಕಾದ ಜಾಂಬೆಜಿ ಮತ್ತು ಚೋಬೆ ನದಿಗಳಿಗೂ ತಲುಪಿತು. ನೂರಕ್ಕೂ ಹೆಚ್ಚು ಜಾತಿಯ ಮೀನುಗಳಿಗೆ ಇದು ತಗಲುತ್ತದೆ. ಅಂದರೆ ನಿಮ್ಮ ಕೆರೆಗೆ ಈ ರೋಗಾಣು ಈ ವರ್ಷವೇ ಬಂದಿರಬೇಕೆಂದಿಲ್ಲ. ದಶಕಗಳಿಂದ ಇದು ನಮ್ಮ ನೀರಿನಲ್ಲಿದೆ.

ಹಾಗಾದರೆ ಎಲ್ಲ ವರ್ಷವೂ ಎಲ್ಲ ಕೆರೆಯಲ್ಲೂ ಏಕೆ ಬರುವುದಿಲ್ಲ? ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇಲ್ಲಿದೆ. ಈ ರೋಗದಲ್ಲಿ ಬೀಜಕವಿರುವುದು ಅಗತ್ಯ, ಆದರೆ ಬೀಜಕವಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಬಾಗಿಲು ತೆಗೆಯುವುದು ನೀರು.

ಮೀನಿನ ಮೈಯ ಲೋಳೆಯನ್ನು ನೀವು ಮುಟ್ಟಿ ನೋಡಿದ್ದೀರಿ. ಆ ಲೋಳೆ ಅದರ ಮೊದಲ ಗೋಡೆ. ಬೀಜಕ ಅದರ ಮೇಲೆ ಬಿದ್ದರೆ ಲೋಳೆಯೊಂದಿಗೇ ಕಳಚಿಹೋಗುತ್ತದೆ. ಗೋಡೆ ಎಲ್ಲಿ ಕಿತ್ತುಹೋಗಿದೆಯೋ ಅಲ್ಲಿ ಮಾತ್ರ ಅದು ನೆಲೆಯೂರುತ್ತದೆ. ಕಿತ್ತುಹೋಗಲು ಬಲೆಯ ಗೀರು ಸಾಕು, ಹೇನಿನಂಥ ಪರಾವಲಂಬಿಯ ಕಡಿತ ಸಾಕು, ಹುಳಿಯಾದ ನೀರಂತೂ ಮೈಯೆಲ್ಲ ಸುಡುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಅಲ್ಲಿನ ನದಿ ಬಯಲಿನ ಮಣ್ಣಿನ ಅಡಿಯಲ್ಲಿ ಗಂಧಕವಿರುವ ಪೈರೈಟ್ ಖನಿಜವಿದೆ. ನೀರಿನಡಿ ಇರುವವರೆಗೂ ಅದು ನಿರುಪದ್ರವಿ. ಕೃಷಿಗೆಂದು ಕಾಲುವೆ ತೋಡಿ ಜೌಗು ಬಸಿದಾಗ ಆ ಮಣ್ಣಿಗೆ ಗಾಳಿ ತಾಗಿತು, ಪೈರೈಟ್ ಗಂಧಕಾಮ್ಲವಾಯಿತು. ದೀರ್ಘ ಒಣಗಾಲದ ನಂತರ ಜೋರು ಮಳೆ ಬಂದರೆ ಆ ಆಮ್ಲ ಕೊಚ್ಚಿಕೊಂಡು ನದಿಗೆ ಇಳಿಯುತ್ತದೆ, ಮೀನಿನ ಚರ್ಮ ಸುಡುತ್ತದೆ, ಕೆಲವು ದಿನಗಳಲ್ಲಿ ಕೆಂಪು ಚುಕ್ಕೆ ಕಾಣಿಸುತ್ತದೆ. ಕುಟ್ಟನಾಡಿನ ಕರಿ ಮಣ್ಣು ಕೂಡ ಇದೇ ಜಾತಿಯ ಹುಳಿ ಮಣ್ಣು. ಮೇಲಾಗಿ ಅಲ್ಲಿ 1970ರ ದಶಕದಲ್ಲಿ ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡು ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಒಳಗೆ ಬಾರದಂತೆ ತಡೆಯುತ್ತದೆ. ಈ ರೋಗಾಣುವಿಗೆ ಉಪ್ಪು ಆಗದು. ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೂ ಬೀಜಕ ಬಿಡುವುದನ್ನು ನಿಲ್ಲಿಸುತ್ತದೆ. ಭತ್ತಕ್ಕೆ ಅನುಕೂಲವಾದ ಒಡ್ಡು ಮೀನಿನ ಒಂದು ಸಹಜ ರಕ್ಷಣೆಯನ್ನು ಕಿತ್ತುಕೊಂಡಿತು ಎಂದೇ ನನ್ನ ಅಭಿಪ್ರಾಯ.

ಮಲೆನಾಡಿನಲ್ಲಿ ಅಂಥ ಮಣ್ಣಿನ ಮಾತು ಬರುವುದಿಲ್ಲ, ಆದರೆ ನಿಮ್ಮ ನೀರು ತೀರ ಮೃದು. ಜಂಬಿಟ್ಟಿಗೆಯ ನೆಲದಲ್ಲಿ ಸಾವಿರಾರು ಮಿಲಿಮೀಟರ್ ಮಳೆ ಸುರಿದು ಸುಣ್ಣದಂಶವೆಲ್ಲ ಎಂದೋ ತೊಳೆದುಹೋಗಿದೆ. ಸುಣ್ಣದಂಶ ಕಡಿಮೆಯಿರುವ ನೀರಿನ ಹುಳಿ ಸಣ್ಣ ಕಾರಣಕ್ಕೂ ಏರಿಳಿಯುತ್ತದೆ. ಇದರ ಮೇಲೆ ಚಳಿ. ಮೀನಿಗೆ ನಮ್ಮಂತೆ ಸ್ಥಿರವಾದ ಮೈಬಿಸಿ ಇಲ್ಲ, ನೀರು ತಣ್ಣಗಾದರೆ ಅದರ ರಕ್ತವೂ ತಣ್ಣಗಾಗುತ್ತದೆ, ರಕ್ಷಣಾ ಕೋಶಗಳ ಓಟ ನಿಧಾನವಾಗುತ್ತದೆ. ನಾನು ಹೇಳಿದ ಆ ಈರುಳ್ಳಿ ಪದರದ ಕೋಟೆ ಕಟ್ಟಲು 28 ಡಿಗ್ರಿಯ ನೀರಿನಲ್ಲಿ ಹಿಡಿಯುವುದಕ್ಕಿಂತ ಬಹಳ ಹೆಚ್ಚು ಸಮಯ 20 ಡಿಗ್ರಿಯ ನೀರಿನಲ್ಲಿ ಹಿಡಿಯುತ್ತದೆ. ರೋಗಾಣು ಮಾತ್ರ 20 ಡಿಗ್ರಿಯಲ್ಲೂ ಹಾಯಾಗಿ ಬೆಳೆಯುತ್ತದೆ. ಬೇಸಿಗೆ ಬಂದು ನೀರು ಬಿಸಿಯಾದಾಗ ಬದುಕಿ ಉಳಿದ ಮೀನುಗಳ ಹುಣ್ಣು ತಾನಾಗಿ ಮಾಗುವುದನ್ನು ನೀವು ನೋಡಬಹುದು. ಮಳೆಗಾಲ ಮುಗಿದು ಕೆರೆ ತುಂಬಿ ನಿಂತು ರಾತ್ರಿಯ ಚಳಿ ಇಳಿಯುವ ಈ ಕಾಲವೇ ಈ ರೋಗದ ಸುಗ್ಗಿ.

ನೀರೇ ಬಾಗಿಲು ತೆಗೆಯುತ್ತದೆ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ದಾರುಣ ಉದಾಹರಣೆ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯದು. 2002ರ ಸೆಪ್ಟೆಂಬರ್‌ನಲ್ಲಿ ಸಮುದ್ರದಿಂದ ಮೊಟ್ಟೆಯಿಡಲು ನದಿ ಏರಿ ಬಂದ ಸಾಲ್ಮನ್ ಮೀನುಗಳು ನದಿಯ ಕೆಳಭಾಗದಲ್ಲೇ ಗುಂಪುಗಟ್ಟಿ ಸತ್ತವು. ಸರ್ಕಾರಿ ಲೆಕ್ಕದಲ್ಲೇ ಕನಿಷ್ಠ 34,000. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿರಬಹುದೆಂದು ರಾಜ್ಯದ ಮೀನುಗಾರಿಕಾ ಇಲಾಖೆಯೇ ಹೇಳಿತು. ಕೊಂದದ್ದು ಎರಡು ಹಳೆಯ ರೋಗಗಳು: ಬಿಳಿ ಚುಕ್ಕೆ ತರುವ ಇಕ್ ಎಂಬ ಏಕಕೋಶ ಜೀವಿ, ಮತ್ತು ಕಿವಿರು ಕೊಳೆಸುವ ಕಾಲಮ್ನಾರಿಸ್ ಬ್ಯಾಕ್ಟೀರಿಯಾ. ಎರಡೂ ಆ ನದಿಗೆ ಹೊಸವಲ್ಲ. ಆ ವರ್ಷ ಹೊಸದಾಗಿದ್ದದ್ದು ಬೇರೆ. ಬರಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ಕಡಿಮೆ ನೀರು ಬಿಟ್ಟಿದ್ದರು, ಬೇಸಾಯಕ್ಕೆ ನೀರು ಹೋಗುತ್ತಿತ್ತು. ನದಿ ತೆಳುವಾಗಿ ಬೆಚ್ಚಗಾಗಿತ್ತು, ಅದೇ ವರ್ಷ ಮೀನು ದೊಡ್ಡ ಸಂಖ್ಯೆಯಲ್ಲಿ ಬಂದಿತ್ತು. ಮೇಲೆ ಏರಲು ನೀರು ಸಾಲದೆ ಅವು ಮಡುಗಳಲ್ಲಿ ಒತ್ತೊತ್ತಾಗಿ ನಿಂತವು. ಇಕ್ ಪರಾವಲಂಬಿ ಮೀನಿನಿಂದ ಕಳಚಿ ತಳಕ್ಕಿಳಿದು ಒಡೆದು ನೂರಾರು ಮರಿಗಳಾಗುತ್ತದೆ, ಅವು ಒಂದೆರಡು ದಿನದೊಳಗೆ ಇನ್ನೊಂದು ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ರಭಸದ ತಣ್ಣನೆಯ ನದಿಯಲ್ಲಿ ಬಹುಪಾಲು ಹಾಗೆಯೇ ಸಾಯುತ್ತವೆ. ನಿಂತ ಬೆಚ್ಚನೆಯ ಮಡುವಿನಲ್ಲಿ, ಮೀನಿನ ಪಕ್ಕ ಮೀನು ನಿಂತಿರುವಾಗ, ಒಂದೂ ವ್ಯರ್ಥವಾಗುವುದಿಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಕಿವಿರು ಕೊಳೆಯುತ್ತಿರುವ ಮೀನಿಗೆ ಆ ವ್ಯತ್ಯಾಸ ಸಾವು ಬದುಕಿನದು.

ಆ ನದಿಯ ದಂಡೆಯ ಯುರೋಕ್ ಜನರಿಗೆ ಸಾಲ್ಮನ್ ಅಂದರೆ ನಮಗೆ ಅನ್ನವಿದ್ದಂತೆ. ಆ ಸಾವನ್ನು ಕಣ್ಣಾರೆ ಕಂಡ ಅವರೂ ನೆರೆಯ ಬುಡಕಟ್ಟುಗಳೂ ಇಪ್ಪತ್ತು ವರ್ಷ ಹೋರಾಡಿದರು. 2023–24ರಲ್ಲಿ ಆ ನದಿಯ ನಾಲ್ಕು ಅಣೆಕಟ್ಟುಗಳನ್ನು ಕೆಡವಲಾಯಿತು. ಕೆಲಸ ಮುಗಿದ ಕೆಲವೇ ವಾರಗಳಲ್ಲಿ, 1912ರ ನಂತರ ಮೊದಲ ಬಾರಿಗೆ, ಒರೆಗಾನ್ ರಾಜ್ಯದಲ್ಲಿರುವ ಅದರ ಮೇಲಿನ ಉಪನದಿಯೊಂದರಲ್ಲಿ ಸಾಲ್ಮನ್ ಕಾಣಿಸಿತು. ಮೀನಿಗೆ ಯಾರೂ ಔಷಧಿ ಕೊಡಲಿಲ್ಲ, ಹರಿವನ್ನು ಹಿಂದಿರುಗಿಸಿದರು.

ನ್ಯಾಯವಾಗಿ ಹೇಳುವುದಾದರೆ ಎಲ್ಲ ರೋಗಗಳಲ್ಲೂ ನೀರೇ ತಪ್ಪಿತಸ್ಥ ಎನ್ನಲಾಗದು. 1995ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕಡಲಿನಲ್ಲಿ ನಮ್ಮ ಭೂತಾಯಿಯ ದಾಯಾದಿಯಾದ ಪಿಲ್ಚರ್ಡ್ ಮೀನು ಸಾಯತೊಡಗಿತು. ಸಾವಿನ ಅಲೆ ದಿನಕ್ಕೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ, ಕಡಲ ಪ್ರವಾಹಕ್ಕೆ ಎದುರಾಗಿಯೂ ಸಾಗಿತು. ನೀರು ಚೆನ್ನಾಗಿಯೇ ಇತ್ತು. ಬಂದದ್ದು ಆ ಮೀನು ಹಿಂದೆಂದೂ ಕಾಣದ ಹರ್ಪಿಸ್ ವೈರಸ್. 1998ರಲ್ಲಿ ಮತ್ತೆ ಬಂತು. ಎರಡು ಬಾರಿಯೂ ಆ ಭಾಗದ ಮೊಟ್ಟೆಯಿಡುವ ಪಿಲ್ಚರ್ಡ್‌ನಲ್ಲಿ ಸುಮಾರು ಶೇಕಡ 70ರಷ್ಟು ಅಥವಾ ಅದಕ್ಕಿಂತ ಹೆಚ್ಚು ನಾಶವಾಯಿತು. ಹಸಿದ ಪೆಂಗ್ವಿನ್‌ಗಳೂ ಸತ್ತವು. ಆದರೂ ಇಂದು ಅಲ್ಲಿನ ಪಿಲ್ಚರ್ಡ್ ಮೀನುಗಾರಿಕೆ ತೂಕದ ಲೆಕ್ಕದಲ್ಲಿ ಆಸ್ಟ್ರೇಲಿಯಾದಲ್ಲೇ ಅತಿ ದೊಡ್ಡದು. ರೋಗ ದೊಡ್ಡ ಮೀನುಗಳನ್ನಷ್ಟೇ ಕೊಂದು ಮರಿಗಳನ್ನು ಬಿಟ್ಟಿತ್ತು, ಮರಿ ಬೆಳೆಯಲು ಸಮುದ್ರ ಸರಿಯಿತ್ತು, ಹಿಡಿಯುವ ಪ್ರಮಾಣಕ್ಕೆ ಸರ್ಕಾರ ಕಡಿವಾಣ ಹಾಕಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸಂತತಿ ಉಳಿಯುವುದೋ ಅಳಿಯುವುದೋ ಎಂಬುದನ್ನು ದಡದಲ್ಲಿ ಬಿದ್ದ ಸತ್ತ ಮೀನಿನ ಎಣಿಕೆಯಿಂದ ಹೇಳಲಾಗದು. ಮೀನು ಸಾವಿರಾರು ಮೊಟ್ಟೆಯಿಡುವ ಜೀವಿ. ಮಾಮೂಲಿ ವರ್ಷದಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಮರಿ ಸಾಯುತ್ತವೆ. ರೋಗ ಬಂದು ದೊಡ್ಡವು ಕಡಿಮೆಯಾದರೆ ಉಳಿದವಕ್ಕೆ ಆಹಾರ, ಜಾಗ ಹೆಚ್ಚು ಸಿಗುತ್ತದೆ, ಮರಿಗಳು ಹೆಚ್ಚು ಉಳಿಯುತ್ತವೆ, ಎರಡು ಮೂರು ಮಳೆಗಾಲದಲ್ಲಿ ಕೆರೆ ತುಂಬಿಕೊಳ್ಳುತ್ತದೆ. ಇಯುಎಸ್ ಬಂದುಹೋದ ಕುಟ್ಟನಾಡಿನಲ್ಲಿ ಇಂದಿಗೂ ಮುರ್ರೆಲ್ ಇದೆ. ಹೀಗೆ ತುಂಬಿಕೊಳ್ಳಲು ಎರಡು ಸಂಗತಿ ಬೇಕು: ಮೊಟ್ಟೆಯಿಡುವಷ್ಟು ಮೀನು ಉಳಿದಿರಬೇಕು, ಮೊಟ್ಟೆಯಿಡುವ ಜಾಗ ಉಳಿದಿರಬೇಕು.

ಮುರ್ರೆಲ್ ವಿಷಯದಲ್ಲಿ ನನಗೆ ಸ್ವಲ್ಪ ಆತಂಕವಿದೆ. ಮಳೆಗಾಲದಲ್ಲಿ ಕೆರೆಯಂಚಿನ ಹುಲ್ಲಿನ ನಡುವೆ ಕೆಂಪು ಬಣ್ಣದ ಮರಿಗಳ ಒಂದು ಮುದ್ದೆ ನೀರಿನ ಮೇಲ್ಮೈಯಲ್ಲಿ ಕುದಿಯುತ್ತಿರುವಂತೆ ಚಲಿಸುವುದನ್ನು ನೀವು ನೋಡಿರುತ್ತೀರಿ. ಅದರ ಕೆಳಗೆ ತಂದೆ ತಾಯಿ ಕಾವಲಿರುತ್ತವೆ, ಹತ್ತಿರ ಬಂದ ಕಪ್ಪೆಯ ಮೇಲೂ ಎಗರುತ್ತವೆ. ಕಾವಲಿನವು ಸತ್ತರೆ, ಅಥವಾ ಯಾರಾದರೂ ಆ ಹೊತ್ತಿನಲ್ಲಿ ಅವನ್ನು ಗಾಳಕ್ಕೆ ಸಿಕ್ಕಿಸಿದರೆ, ಆ ಮರಿಗಳ ಮುದ್ದೆ ಸಂಜೆಯೊಳಗೆ ಬೇರೆ ಮೀನುಗಳ ಹೊಟ್ಟೆ ಸೇರುತ್ತದೆ. ಈ ಚಳಿಗಾಲದಲ್ಲಿ ಸಾಯುತ್ತಿರುವುದು ಮುಂದಿನ ಮಳೆಗಾಲದಲ್ಲಿ ಕಾವಲು ನಿಲ್ಲಬೇಕಾದ ಮೀನುಗಳೇ.

ಇನ್ನು ಹಳ್ಳದ ಗೆಂಡೆಗಳು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನಿನ ಬೇಟೆ ನಿಮ್ಮ ಕಡೆ ಹಬ್ಬವಿದ್ದಂತೆ. ಕೂಣಿ ಎಂಬ ಮೀನಿನ ಬೋನು ಹಾಕಿ, ಕತ್ತಿ ಬ್ಯಾಟರಿ ಹಿಡಿದು ರಾತ್ರಿಯಿಡೀ ಹಿಡಿಯುತ್ತಾರೆ. ಮೊದಲೆಲ್ಲ ಹೊಳೆಯಲ್ಲಿ ಮೀನು ಹೇರಳವಾಗಿದ್ದಾಗ ಆ ಬೇಟೆಯಿಂದ ಸಂತತಿಗೆ ಪೆಟ್ಟು ಬೀಳುತ್ತಿರಲಿಲ್ಲ. ರೋಗ ಬಂದ ವರ್ಷದ ಮುಂದಿನ ಮುಂಗಾರಿನಲ್ಲಿ ಅದೇ ಬೇಟೆ ಉಳಿದ ಬೀಜವನ್ನೇ ಹುರಿದು ತಿಂದಂತೆ. ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ ನಿಮ್ಮ ಊರಿನವರು ಹತ್ತುಮೀನನ್ನು ಏರಲು ಬಿಟ್ಟರೆ, ಹಳ್ಳದ ಮೀನಿಗೆ ಯಾವ ಔಷಧಿಯೂ ಮಾಡಲಾರದ ಉಪಕಾರ ಅದರಿಂದ ಆಗುತ್ತದೆ. ಊರಿನ ಸಭೆಯಲ್ಲಿ ಈ ಮಾತನ್ನು ಎತ್ತಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಸಂಖ್ಯೆ ಮೊದಲೇ ಕುಗ್ಗಿರುವ ಮೀನಿನ ವಿಷಯ ಬೇರೆ. ಕಾವೇರಿಯ ಡುಬ್ಬದ ಮಹಶೀರ್ ಹೊರಗಿನಿಂದ ತಂದುಬಿಟ್ಟ ಬೇರೆ ಮಹಶೀರ್, ಅಣೆಕಟ್ಟು, ಸಿಡಿಮದ್ದಿನ ಬೇಟೆ, ಮರಳುಗಾರಿಕೆಗಳ ನಡುವೆ ಕರಗಿಹೋಗಿ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅದನ್ನು ಆ ಸ್ಥಿತಿಗೆ ತಂದದ್ದು ರೋಗವಲ್ಲ. ಆದರೆ ಒಂದೆರಡು ಉಪನದಿಗಳಲ್ಲಿ ಮಾತ್ರ ಉಳಿದ ಮೀನಿಗೆ ಒಂದೇ ಒಂದು ಕೆಟ್ಟ ಚಳಿಗಾಲ ಕೊನೆಯ ಪೆಟ್ಟಾಗಬಹುದು. ಶೃಂಗೇರಿ, ಶಿಶಿಲಗಳಲ್ಲಿ ದೇವರ ಮೀನೆಂದು ಕಾಪಾಡಿಕೊಂಡು ಬಂದ ಮಡುಗಳ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಹೊಳೆಯ ಬೇರೆಡೆ ಬರಿದಾದರೂ ಅಲ್ಲಿಂದ ಸಂತತಿ ಮತ್ತೆ ಹರಡಬಲ್ಲದು. ಬೇಸಿಗೆಯಲ್ಲಿ ನೀರಿಳಿದಾಗ ಅಲ್ಲಿ ತಿಂಡಿ ಎಸೆಯುವುದನ್ನು ಕಡಿಮೆ ಮಾಡಿದರೆ ಒಳ್ಳೆಯದು. ಕ್ಲಾಮತ್‌ನ ಮಡುಗಳಲ್ಲಿ ಒತ್ತೊತ್ತಾಗಿ ನಿಂತ ಮೀನುಗಳನ್ನು ನೆನೆದು ಈ ಮಾತು ಹೇಳುತ್ತಿದ್ದೇನೆ.

ಈಗ ನಿಮ್ಮ ಕೆರೆ. ಕೊಳೆ ರೋಗದ ನೆಂಟ ಎಂದು ನಾನು ಹೇಳಿದ್ದರಿಂದ ನಿಮ್ಮ ತಲೆಗೆ ಮೈಲುತುತ್ತದ ಯೋಚನೆ ಬಂದಿರಬಹುದು. ದಯವಿಟ್ಟು ಹಾಕಬೇಡಿ. ಮೈಲುತುತ್ತದಿಂದ ಮಾಡುವ ಬೋರ್ಡೋ ದ್ರಾವಣ ಅಡಿಕೆಗೊನೆಗೆ ರಕ್ಷೆ, ಮೀನಿಗೆ ವಿಷ. ಅದರಲ್ಲಿರುವ ತಾಮ್ರ ಕಿವಿರನ್ನು ಸುಡುತ್ತದೆ, ಬಹಳ ಕಡಿಮೆ ಪ್ರಮಾಣದಲ್ಲಿದ್ದರೂ ಮೀನಿನ ವಾಸನೆ ಹಿಡಿಯುವ ಶಕ್ತಿಯನ್ನು ಕೆಡಿಸುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅದರ ಕಾಟವನ್ನು ಸ್ವಲ್ಪ ತಡೆಯುತ್ತದೆ, ನಿಮ್ಮ ಮೃದು ನೀರಿನಲ್ಲಿ ಆ ತಡೆಯೂ ಇಲ್ಲ. ಔಷಧಿ ಹೊಡೆದ ಡ್ರಮ್ಮು, ಪಂಪು, ಪೈಪುಗಳನ್ನು ಕೆರೆಯಲ್ಲಾಗಲಿ ಹಳ್ಳದಲ್ಲಾಗಲಿ ತೊಳೆಯುವುದನ್ನೂ ನಿಲ್ಲಿಸಿ. ಈ ಸಾವಿಗೆ ತೋಟದ ಔಷಧಿ ಕಾರಣವಲ್ಲ ಎಂದು ನಾನು ಹೇಳಿದರೂ, ಮೀನಿನ ಮೈಯ ಗೋಡೆಯನ್ನು ತೆಳುವಾಗಿಸುವುದರಲ್ಲಿ ಅದಕ್ಕೂ ಪಾಲಿರಬಹುದು. ಮೀನಿಗೆಂದು ಅಂಗಡಿಯಲ್ಲಿ ಸಿಗುವ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣವನ್ನೂ ಮುಟ್ಟಬೇಡಿ, ತಿನ್ನುವ ಮೀನಿಗೆ ಅದು ನಿಷಿದ್ಧ.

ಸುಣ್ಣದ ಮಾತು ಬೇರೆ. ಮುಚ್ಚಿದ ಚಿಕ್ಕ ಸಾಕಣೆ ಹೊಂಡಗಳಲ್ಲಿ ಚಳಿ ಬರುವ ಮೊದಲೇ ಸುಣ್ಣ ಹಾಕಿ ನೀರಿನ ಹುಳಿ ತಗ್ಗಿಸಿದರೆ ಈ ರೋಗ ಕಡಿಮೆಯಾಗುತ್ತದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಎಂಬ ದ್ರಾವಣವನ್ನೂ ಹೊಂಡಗಳಲ್ಲಿ ಬಳಸುತ್ತಾರೆ. ಆದರೆ ಕೋಡಿ ಹರಿಯುವ ಊರಿನ ಕೆರೆಗೆ, ಅದರಲ್ಲೂ ಜನ ಜಾನುವಾರು ಬಳಸುವ ನೀರಿಗೆ, ಮೀನುಗಾರಿಕೆ ಇಲಾಖೆಯವರು ಬಂದು ನೀರು ಪರೀಕ್ಷಿಸಿ ಪ್ರಮಾಣ ಹೇಳದೆ ಏನನ್ನೂ ಸುರಿಯಬಾರದು. ಸುಣ್ಣ ಒಮ್ಮೆಲೇ ಹೆಚ್ಚಾದರೂ ಮೀನು ಸಾಯುತ್ತದೆ. ಹಳ್ಳಕ್ಕಂತೂ ಹಾಕಿ ಪ್ರಯೋಜನವಿಲ್ಲ, ಹರಿದುಹೋಗುತ್ತದೆ.

ನಿಮ್ಮ ಕೈಯಲ್ಲಿರುವ ಕೆಲಸಗಳು ಸಾದಾ ಕೆಲಸಗಳು. ಸತ್ತ ಮೀನನ್ನು ದಿನವೂ ತೆಗೆದು ನೀರಿನಿಂದ ದೂರ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಈ ಕೆರೆಯ ಬಲೆ, ಬುಟ್ಟಿಗಳನ್ನು ಬೇರೆ ಕೆರೆಗೆ ಒಯ್ಯುವ ಮೊದಲು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಬೀಜಕ ಒಣಗಿದರೆ ಸಾಯುತ್ತದೆ. ಇಲ್ಲಿಯ ಜೀವಂತ ಮೀನನ್ನು ಬೇರೆ ಕಡೆ ಬಿಡಬೇಡಿ. ಏಷ್ಯಾದುದ್ದಕ್ಕೂ ಈ ರೋಗ ಹರಡಲು ಪ್ರವಾಹದಷ್ಟೇ ಮನುಷ್ಯರು ಸಾಗಿಸಿದ ಮೀನೂ ಕಾರಣ. ಹುಣ್ಣು ಪೂರ್ತಿ ನಿಂತು ನೀರು ಬೆಚ್ಚಗಾಗುವವರೆಗೆ ಹೊಸ ಮರಿ ಬಿಡುವ ಯೋಚನೆ ಬೇಡ.

ತಿನ್ನುವ ವಿಷಯ: ಈ ರೋಗಾಣು 37 ಡಿಗ್ರಿಯಲ್ಲಿ ಬೆಳೆಯಲಾರದು, ಮನುಷ್ಯರಿಗೆ ತಗಲುವುದಿಲ್ಲ. ಮೈ ಚೊಕ್ಕಟವಾಗಿರುವ ಮೀನನ್ನು ಚೆನ್ನಾಗಿ ಬೇಯಿಸಿ ತಿನ್ನಲು ಅಡ್ಡಿಯಿಲ್ಲ. ಹುಣ್ಣಾದ ಮೀನು ಮಾತ್ರ ಬೇಡ, ಆ ಹುಣ್ಣಿನಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಂದ ಹೊಟ್ಟೆ ಕೆಡಬಹುದು. ಕೈಯಲ್ಲಿ ಗಾಯವಿದ್ದವರು ಅದನ್ನು ಬರಿಗೈಯಲ್ಲಿ ಮುಟ್ಟುವುದೂ ಬೇಡ. 1988ರಲ್ಲಿ ಬಂಗಾಳದಲ್ಲಿ ಹೆದರಿದ ಜನ ಒಳ್ಳೆಯ ಮೀನನ್ನೂ ಕೊಳ್ಳದೆ ಬಿಟ್ಟಾಗ ಪೆಟ್ಟು ತಿಂದವರು ಬಡ ಮೀನುಗಾರರು. ನಿಮ್ಮ ಪೇಟೆಯಲ್ಲಿ ಹಾಗಾಗದಿರಲಿ ಎಂದು ಇಷ್ಟು ಬಿಡಿಸಿ ಬರೆದೆ.

ಪರೀಕ್ಷೆಗೆ ಮೀನು ಆರಿಸುವಾಗ ಸತ್ತು ಕೊಳೆತದ್ದು, ದೊಡ್ಡ ಕುಳಿ ಬಿದ್ದದ್ದು ಬೇಡ. ಇನ್ನೂ ಜೀವವಿರುವ, ಚರ್ಮ ಹರಿಯದೆ ಕೆಂಪು ಚುಕ್ಕೆಯಷ್ಟೇ ಇರುವ ಮೂರು ನಾಲ್ಕು ಮೀನು ಬೇಕು. ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಮೊದಲೇ ಫೋನ್ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಜೀವಂತವಾಗಿ ತಲುಪಿಸಿದರೆ ಎಲ್ಲಕ್ಕಿಂತ ಉತ್ತಮ. ಆಗದಿದ್ದರೆ ಐಸ್ ಮೇಲಿಟ್ಟು ಅಂದೇ ಕಳುಹಿಸಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಮೀನಿನಿಂದ ಈ ರೋಗಾಣುವನ್ನು ಬೆಳೆಸಿ ನೋಡಲು ಆಗುವುದಿಲ್ಲ, ಅಂಗಾಂಶವೂ ಕೆಡುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಬಿಡುಗಡೆ ಮಾಡಿದ ‘ರಿಪೋರ್ಟ್ ಫಿಶ್ ಡಿಸೀಸ್’ ಮೊಬೈಲ್ ಆ್ಯಪ್‌ನಲ್ಲೂ ಫೋಟೊ ಸಮೇತ ವರದಿ ಮಾಡಬಹುದು. ಜೊತೆಗೆ ಒಂದು ಚೀಟಿಯಲ್ಲಿ ಮೊದಲ ಹುಣ್ಣು ಕಂಡ ದಿನ, ಯಾವ ಯಾವ ಜಾತಿ, ಅದಕ್ಕೆ ಹಿಂದಿನ ಎರಡು ವಾರದಲ್ಲಿ ಮಳೆ ಬಂದ ದಿನಗಳು, ಬೆಳಗಿನ ಹೊತ್ತು ಕೆರೆಯ ನೀರಿನ ಉಷ್ಣತೆ ಇಷ್ಟನ್ನು ಬರೆದಿಡಿ. ಸಾಮಾನ್ಯ ಥರ್ಮಾಮೀಟರ್ ಸಾಕು. ಸೂರ್ಯ ಹುಟ್ಟುವ ಮೊದಲು, ತೂಬಿನ ಹತ್ತಿರ, ಮೊಣಕೈ ಮುಳುಗುವಷ್ಟು ಆಳದಲ್ಲಿ ಹಿಡಿದು ನೋಡಿ.